ಬ್ಲೋವರಿಗೆ ಒಂದು ದಿನದ ಸೂಟಿ

ಉಸಿರಾಡುವ ಜೀವಕ್ಕೆ ಉಸಿರಾಟದಿಂದಲೇ ಒಂದು ದಿನ ಸೂಟಿ ಕೊಟ್ಟ ಮಹಾನುಭಾವ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನು. ಅದೂ ಒಂದೆರಡು ಜೀವವಲ್ಲ. ಎಣಿಸಲು ಕೂತರೆ ಭೂಮಿಯ ಮೇಲಿನ ಎಲ್ಲ ಮನುಷ್ಯರ ತಲೆಗಳಿಗಿಂತ ಹೆಚ್ಚು ತಲೆಗಳು; ಅವಕ್ಕೆ ತಲೆಯೇ ಇಲ್ಲ ಅನ್ನುವುದು ಬೇರೆ ಮಾತು. ತಲೆ ಇದ್ದವನು ನಾನೊಬ್ಬನೇ ಆಗಿದ್ದೆ, ಅದು ಆ ದಿನ ಉಪಯೋಗಕ್ಕೆ ಬರಲಿಲ್ಲ. ಎಂ.ಎಸ್ಸಿ. ಮೈಕ್ರೋಬಯಾಲಜಿ ಮುಗಿಸಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ರಾಮದುರ್ಗದ ಮನೆಯ ಗೋಡೆಗೆ ತೂಗುಹಾಕಿ ಬಂದವನ ಸಾಧನೆ ಇದು. ಈಗಲೂ ಅವ್ವ ಆ ಚೌಕಟ್ಟಿನ ಧೂಳು ಒರೆಸಿದೆ ಅಂದಾಗಲೆಲ್ಲ ನನಗೆ ಇಲ್ಲಿ ಬೆನ್ನು ತುರಿಸುತ್ತದೆ.

ನನ್ನ ಕೆಲಸದ ಜಾಗ ಒಂದು ತಗಡಿನ ಶೆಡ್ಡು. ಬೈಲಹೊಂಗಲ, ಕಿತ್ತೂರುಗಳ ನಡುವೆ ಎಲ್ಲೋ ಒಂದು ಸಕ್ಕರೆ ಕಾರ್ಖಾನೆ. ಅದರ ಬೆನ್ನಿಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಸುವ ಘಟಕ. ಅದರ ಬೆನ್ನಿಗೆ ಹೊಲಸು ನೀರಿನ ಹೊಂಡ. ಹೊಂಡದ ಬೆನ್ನಿಗೆ ನಾನು. ಸಕ್ಕರೆ ತೆಗೆದು ಉಳಿದ ಕಾಕಂಬಿಯನ್ನು ಹುಳಿ ಬರಿಸಿ, ಕಾಯಿಸಿ, ಎಥೆನಾಲ್ ಹಿಂಡಿಕೊಂಡ ಮೇಲೆ ಕಪ್ಪು ನೀರೊಂದು ಉಳಿಯುತ್ತದೆ. ಕಾಗದದಲ್ಲಿ ಅದರ ಹೆಸರು ಸ್ಪೆಂಟ್ ವಾಶ್, ಕಾರ್ಖಾನೆಯ ಜನರ ಬಾಯಲ್ಲಿ ಕರಿ ನೀರು. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಹೊಲಕ್ಕೆ ಬಿಟ್ಟರೆ ಬೆಳೆ ಸುಡುತ್ತದೆ, ಅಂಗಿಗೆ ತಾಗಿದರೆ ಮದುವೆ ನಿಲ್ಲುತ್ತದೆ. ಕೊನೆಯದು ನನ್ನ ಸ್ವಂತ ಸಂಶೋಧನೆ.

ನಾನು ಸೇರಿದ್ದ ಸಣ್ಣ ಕಂಪನಿಯವರು ಆ ಕರಿ ನೀರಿನಲ್ಲಿ ಒಂದು ಬಗೆಯ ಬಿಳಿ ಬೂಷ್ಟು ಬೆಳೆಸಲು ಹೊರಟಿದ್ದರು. ರೊಟ್ಟಿಯ ಮೇಲೆ ಬಂದರೆ ಎಸೆಯುತ್ತೇವಲ್ಲ, ಆ ಜಾತಿಯದೇ, ಆದರೆ ಸಜ್ಜನ. ಕರಿ ನೀರನ್ನು ಆರಿಸಿ, ತಿಳಿ ಮಾಡಿ, ಟಾಕಿಗೆ ತುಂಬಿ ಬೂಷ್ಟನ್ನು ಬಿಟ್ಟರೆ ಅದು ನೀರಿನಲ್ಲಿದ್ದ ಕೊಳೆಯನ್ನೇ ತಿಂದು, ಸಾಬೂದಾಣಿಯಂಥ ಬಿಳಿ ಉಂಡೆಗಳಾಗಿ ಊದಿಕೊಳ್ಳುತ್ತದೆ. ನೀರು ಇದ್ದಿಲಿನ ಬಣ್ಣದಿಂದ ಚಹಾದ ಬಣ್ಣಕ್ಕೆ ಇಳಿಯುತ್ತದೆ. ಆ ಉಂಡೆಗಳನ್ನು ಬಟ್ಟೆಯಲ್ಲಿ ಸೋಸಿ, ಹಿಂಡಿ, ಬಿಸಿಲಿಗೆ ಒಣಗಿಸಿ, ಪುಡಿ ಮಾಡಿದರೆ ಕೋಳಿಗೂ ಮೀನಿಗೂ ಒಳ್ಳೆಯ ಆಹಾರ. ಮುನವಳ್ಳಿಯ ಹತ್ತಿರ ಮೀನು ಸಾಕುವವರೊಬ್ಬರಿಗೆ ಒಂದು ಚೀಲ ಕೊಟ್ಟಿದ್ದೆವು. ಮೀನುಗಳು ಪುಡಿ ಬಿದ್ದಲ್ಲಿಗೆ ಓಡಿ ಬರುತ್ತವೆ ಎಂದು ಅವರು ಫೋನು ಮಾಡಿದಾಗ, ನನ್ನ ಕೈಯದನ್ನು ಯಾರೋ ಅಷ್ಟು ಪ್ರೀತಿಯಿಂದ ತಿಂದದ್ದು ಕೇಳಿ ಅವರಿಂದ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡೆ.

ಒಂದೇ ತೊಡಕು. ಆ ಬೂಷ್ಟಿಗೆ ಒಮ್ಮೆಗೇ ಕರಿ ನೀರು ಕುಡಿಸಿದರೆ ಸಾಯುತ್ತದೆ. ಮೊದಲು ಬೆಲ್ಲದ ನೀರಿನಲ್ಲಿ ಬೆಳೆಸಬೇಕು; ಆಮೇಲೆ ಬೆಲ್ಲದ ನೀರಿಗೆ ಹನಿ ಕರಿ ನೀರು, ಆಮೇಲೆ ಇನ್ನಷ್ಟು. ಹಸುಗೂಸಿಗೆ ಅನ್ನ ರೂಢಿ ಮಾಡಿಸಿದಂತೆ ತಿಂಗಳುಗಟ್ಟಲೆ ಒಗ್ಗಿಸಬೇಕು. ನನ್ನ ಟಾಕಿಯಲ್ಲಿದ್ದುದು ಹಾಗೆ ಒಗ್ಗಿದ ಬೂಷ್ಟು. ಅದಕ್ಕೆ ಹಗಲೂ ರಾತ್ರಿ ಗಾಳಿ ಬೇಕು. ಟಾಕಿಯ ಪಕ್ಕದಲ್ಲಿ ಒಂದು ಬ್ಲೋವರ್ ಕುಳಿತು, ಕೊಳವೆಯಿಂದ ತಳಕ್ಕೆ ಗಾಳಿ ಊದುತ್ತಲೇ ಇರುತ್ತಿತ್ತು. ಕರೆಂಟು ಹೋದರೆ ಜನರೇಟರ್ ಇತ್ತು. ಎಲ್ಲದಕ್ಕೂ ಏರ್ಪಾಡಿತ್ತು, ನನ್ನೊಬ್ಬನಿಗೆ ಬಿಟ್ಟು.

ಶೆಡ್ಡಿನಲ್ಲಿ ನಾನೊಬ್ಬನೇ. ಬೈಲಹೊಂಗಲದಲ್ಲಿ ಬಾಡಿಗೆ ಕೋಣೆ, ಅಲ್ಲಿಯೂ ನಾನೊಬ್ಬನೇ. ಬಸ್ಸು ಹತ್ತಿದರೆ ಮೂರು ಜನರ ಸೀಟು ನನ್ನೊಬ್ಬನ ಹೆಸರಿಗೆ ಬರೆದುಕೊಟ್ಟಂತೆ. ನಿಂತವರು ನಿಂತೇ ಇರುತ್ತಿದ್ದರು, ನನ್ನ ಪಕ್ಕ ಮಾತ್ರ ಕೂರುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿದರೂ ಕರಿ ನೀರಿನ ವಾಸನೆ ಹೋಗದು. ಖಾನಾವಳಿಯ ಅಕ್ಕಾರು ಒಳ್ಳೆಯವರು. ನಾನು ಬಾಗಿಲಿಗೆ ಬಂದ ಕೂಡಲೇ, "ಬರ್ರಿ ಸರ್ರ, ಹೊರಗ ಕುಂದರ್ರಿ, ಹೊರಗ ಗಾಳಿ ಚೊಲೋ ಐತಿ" ಎಂದು ಕೈ ತೊಳೆಯುವ ನಳದ ಪಕ್ಕದ ಬೆಂಚು ತೋರಿಸುತ್ತಿದ್ದರು. ಮಳೆಗಾಲದಲ್ಲೂ ಹೊರಗಿನ ಗಾಳಿ ಚಲೋ ಇರುತ್ತಿತ್ತು.

ಹೀಗಾಗಿ ನಾನು ಟಾಕಿಯ ಜೊತೆ ಮಾತಾಡುವುದನ್ನು ಕಲಿತೆ. ಬೆಳಿಗ್ಗೆ ಅದಕ್ಕೆ ಪೇಪರ್ ಓದಿ ಹೇಳುತ್ತಿದ್ದೆ. ಕ್ರಿಕೆಟ್ ಇದ್ದರೆ ಕಾಮೆಂಟರಿ. ಜೋಕು ಹೇಳಿದರೆ ಗುಳುಗುಳು ಎಂದು ಗುಳ್ಳೆ ಬಿಟ್ಟು ನಗುತ್ತಿತ್ತು. ಜೋಕು ಹೇಳದಿದ್ದರೂ ಹಾಗೆಯೇ ನಗುತ್ತಿತ್ತು ಅನ್ನುವುದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಬೆಳಗಾವಿಯಲ್ಲಿದ್ದ ನಮ್ಮ ಮೇಡಂಗೆ, ಅಂದರೆ ಈ ಕೆಲಸಕ್ಕೆಲ್ಲ ಮುಖ್ಯಸ್ಥರಾದವರಿಗೆ, ಒಂದು ದಿನ ಫೋನಿನಲ್ಲಿ ಬಾಯಿ ಬಿಟ್ಟು ಕೇಳಿದೆ: ಇಲ್ಲಿಗೆ ಇನ್ನೊಬ್ಬರನ್ನು ಕಳಿಸ್ತೀರಾ? ಯಾರಾದರೂ ಸರಿ, ಜಗಳಗಂಟರಾದರೂ ಸರಿ. ಅವರು ಹೇಳಿದರು: "ದಸರಾ ಆದ ಕೂಡ್ಲೇ ಕಾರ್ಖಾನೆಯವರು ಟಾಕಿ ನೋಡಾಕ ಬರ್ತಾರ. ಅವರ ಮುಂದ ಅದು ಜೀವಂತ ಇದ್ದು, ಅವರು ಒಪ್ಪಿದ್ರ, ಎರಡನೇ ಟಾಕಿ ಬರ್ತೈತಿ. ಎರಡನೇ ಟಾಕಿ ಬಂದ್ರ ಎರಡನೇ ಮನಷ್ಯಾನೂ ಬರ್ತಾನ. ಅಲ್ಲೀತನಕ ಸಂಭಾಳಸ್ರಿ. ಮತ್ತ ಟಾಕಿಗೆ ಏನರ ಆದ್ರ ಇರಲಿ ಅಂತ ಈಗಿನ ಬೂಷ್ಟು ಒಂದ ಬಾಟಲಿ ತಗದು ಫ್ರಿಜ್ಜಿನ್ಯಾಗ ಇಡ್ರಿ, ಮರೀಬ್ಯಾಡ್ರಿ."

"ಒಂದ ಬಾಟಲ್ಯಾಗ ಇಟ್ರ ಅದಕ್ಕ ಒಬ್ಬಂಟಿ ಅನಸ್ತೈತ್ರಿ ಮೇಡಂ" ಎಂದು ಜೋಕು ಹೊಡೆದೆ. ಅವರು ನಕ್ಕರು. ನಾನೂ ನಕ್ಕೆ. ಬಾಟಲಿ ಎತ್ತಿಡಲಿಲ್ಲ.

ಅಂದಿನಿಂದ ನಾನು ಟಾಕಿಯನ್ನು ನೋಡುವ ಬಗೆಯೇ ಬೇರೆಯಾಯಿತು. ಅದು ಬದುಕಿದ್ದರೆ ನನಗೊಬ್ಬ ಜೊತೆಗಾರ. ಬರಲಿರುವವನಿಗೆ ನಾನು ಮನಸ್ಸಿನಲ್ಲೇ ಮೂಗು, ಮೀಸೆ ಕೊಟ್ಟು, ಅವನ ಜೊತೆ ಎರಡು ಸಲ ಜಗಳವಾಡಿ ರಾಜಿಯೂ ಆಗಿದ್ದೆ. ಅವ್ವ ಫೋನು ಮಾಡಿ, "ಹಬ್ಬಕ್ಕ ಬರಂಗಿಲ್ಲೇನೋ?" ಎಂದಾಗ, "ಇಲ್ಲಬೇ, ಟಾಕಿ ಬಿಟ್ಟ ಬರಾಕ ಬರಂಗಿಲ್ಲ" ಎಂದೆ.

"ಟಾಕಿ ಏನ ಬಾಣಂತಿ ಏನೋ?" ಎಂದಳು ಅವ್ವ.

"ಹೌದಬೇ. ಸಾಬೂದಾಣಿ ಹಡದೈತಿ."

ಕಾರ್ಖಾನೆಯಲ್ಲಿ ನನ್ನ ಕಡೆ ಹಾಯುತ್ತಿದ್ದವರು ಒಬ್ಬರೇ, ಫಿಟ್ಟರ್ ಕಾಕಾ. ಪಂಪು, ಮೋಟಾರು, ಬ್ಲೋವರುಗಳ ಕೀಲುಕೊಂಡಿ ನೋಡಿಕೊಳ್ಳುವವರು. ಊರು ಸವದತ್ತಿ ತಾಲೂಕಿನ ಚಚಡಿ. ನಡೆಯುವಾಗ ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ. ಬಂದರೆ ಬ್ಲೋವರಿಗೆ ಎಣ್ಣೆ ಬಿಟ್ಟು, ನನ್ನ ಹರಟೆ ಕೇಳಿ, "ನಿನ್ನ ಬಾಯಿಗೆ ಒಂದ ವಾಲ್ವ್ ಹಾಕಬೇಕು ನೋಡು" ಎಂದು ಹೋಗುತ್ತಿದ್ದರು. ಟಾಕಿಯಲ್ಲಿ ಏನಿದೆ ಎಂದು ಅವರು ಕೇಳಿದಾಗಲೆಲ್ಲ ನಾನು ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ. ನೆಟ್ಟಗೆ ಹೇಳಿದರೆ ಮುಂದಿನ ಸಲ ಕೇಳಲಿಕ್ಕೆ ಏನೂ ಉಳಿಯದು, ಅವರು ಬರುವುದನ್ನೇ ಬಿಟ್ಟಾರು ಎಂಬ ಹೆದರಿಕೆ.

ಖಂಡೇ ಪೂಜೆಯ ದಿನ ಬಂತು. ನಮ್ಮ ಕಡೆ ಅಂದು ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನತನಕ ಕೆಲಸಕ್ಕೆ ಬರುವ ಎಲ್ಲದಕ್ಕೂ ಪೂಜೆ. ಪೂಜೆಯಾದ ಮೇಲೆ ಅವಕ್ಕೆ ಯಾರೂ ಕೈ ಹಚ್ಚುವುದಿಲ್ಲ. ವರ್ಷಪೂರ್ತಿ ದುಡಿದದ್ದಕ್ಕೆ ಅಂದು ವಿಶ್ರಾಂತಿ. ಕಬ್ಬಿನ ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಕಾರ್ಖಾನೆಯ ಗಾಲಿಗಳೆಲ್ಲ ತೊಳೆದು, ವಿಭೂತಿ ಹಚ್ಚಿಸಿಕೊಂಡು, ಮದುಮಕ್ಕಳಂತೆ ಕುಳಿತಿದ್ದವು. ಕಾಕಾ ಬುಟ್ಟಿಯಲ್ಲಿ ಚೆಂಡು ಹೂವು, ಕಾಯಿ, ಕರ್ಪೂರ ತೆಗೆದುಕೊಂಡು ನನ್ನ ಶೆಡ್ಡಿಗೂ ಬಂದರು. ಯಾರೂ ಹೇಳಿರಲಿಲ್ಲ, ನನ್ನ ಬ್ಲೋವರ್ ಒಂದೇ ಹಬ್ಬವಿಲ್ಲದೆ ಉಳಿಯಬಾರದೆಂದು ತಾವಾಗಿಯೇ ಬಂದಿದ್ದರು. ಬಂದವರು ಸೀದಾ ಹೋಗಿ ಸ್ವಿಚ್ ಒತ್ತಿ ಬ್ಲೋವರ್ ನಿಲ್ಲಿಸಿದರು.

ಆ ಶೆಡ್ಡಿನಲ್ಲಿ ನಾನು ಮೊದಲ ಸಲ ನಿಶ್ಶಬ್ದ ಕೇಳಿದೆ. ಹೊರಗೆ ಗುಬ್ಬಿಗಳಿದ್ದುದು ಅಂದೇ ಗೊತ್ತಾದದ್ದು.

"ಕಾಕಾ, ಇದರೊಳಗ ಜೀವ ಐತ್ರಿ. ಗಾಳಿ ನಿಂತ್ರ ಎಲ್ಲಾರೂ ಕೂಡಿ ಶಿವನ ಪಾದಾ ಸೇರ್ತಾರ" ಎಂದೆ. ಎಂದಿನ ದನಿಯಲ್ಲೇ, ಹಲ್ಲು ಕಿರಿದು.

"ಹೌದೌದು" ಎಂದರು ಕಾಕಾ, ಬ್ಲೋವರಿಗೆ ವಿಭೂತಿ ಎಳೆಯುತ್ತ. "ಹ್ವಾದ ವಾರ ಇದರೊಳಗ 'ನನ್ನ ಹೆಣ್ತಿ ಅದಾಳ' ಅಂದಿ. ಅದರ ಹಿಂದ ಸಾಬೂದಾಣಿ ಕಾರಖಾನಿ ಅಂದಿ. ಇವತ್ತ ಜೀವ ಐತಿ ಅಂತಿ. ಸುಮ್ನ ಕರ್ಪೂರ ಹಚ್ಚಪಾ."

ಹಚ್ಚಿದೆ. ಪೂಜೆ ಮುಗಿಯುವತನಕ ತಾನೆ, ಅಷ್ಟರಲ್ಲಿ ಏನೂ ಆಗದು, ಅಂದುಕೊಂಡೆ. ಕಾಯಿ ಒಡೆದಾಯಿತು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ಕಾಕಾ ಕೈ ಹಿಡಿದರು.

"ಏ, ಇವತ್ತ ಮುಟ್ಟಂಗಿಲ್ಲ. ಅದಕ್ಕೂ ದಣಿವಾರಿಸ್ಕೊಳ್ಳಾಕ ಬಿಡೋ. ನಾಳೆ ಮುಂಜಾನೆ ಹಚ್ಚೂಣು. ನಡಿ, ಮನಿಗೆ ಹೋಗೂಣು. ನಿಮ್ಮ ಚಿಗವ್ವ ಹೋಳಿಗಿ ಮಾಡ್ಯಾಳ. ಹಬ್ಬದ ದಿನಾ ಖಾನಾವಳ್ಯಾಗ ಒಬ್ಬನ ಉಣ್ಣಾವೇನು?"

ಇಲ್ಲಿ ನಾನು ಹೇಳಬೇಕಾದ ಮಾತು ಒಂದು ವಾಕ್ಯದಷ್ಟೂ ಇರಲಿಲ್ಲ. ಅದರ ಬದಲು ನಾನು ಅಂಗಿ ಮೂಸಿ ನೋಡಿಕೊಂಡೆ. ಆಮೇಲೆ ಅವರ ಗಾಡಿಯ ಹಿಂದೆ ಹತ್ತಿ ಕುಳಿತೆ.

ಚಚಡಿಯ ವಾಡೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ನನ್ನನ್ನು ಒಳಗೆ ಕೂರಿಸಿದರು. ಅಡುಗೆಮನೆಯೊಳಗೆ, ನೆಟ್ಟಗೆ ಮಣೆಯ ಮೇಲೆ, ಎಲ್ಲರ ಸಾಲಿನಲ್ಲಿ. ನನ್ನ ವಾಸನೆಗೆ ಒಬ್ಬರೂ ಮೂಗು ಮುಚ್ಚಲಿಲ್ಲ. ಆ ಮನೆಯ ಯಜಮಾನರಿಗೂ ಕರಿ ನೀರಿನದೇ ಅತ್ತರು. ಮೊದಲ ಹೋಳಿಗೆ ತಿನ್ನುವಾಗ ನನಗೆ ಟಾಕಿ ನೆನಪಾಗಲಿಲ್ಲ. ಎರಡನೆಯದಕ್ಕೆ ಚಿಗವ್ವ ತುಪ್ಪ ಬಿಡುತ್ತ, "ತುಪ್ಪದಾಗ ಹೋಳಿಗಿ ಮುಳಗಬೇಕೋ" ಎಂದಾಗ ನೆನಪಾಯಿತು. ಸ್ಪಷ್ಟವಾಗಿ ನೆನಪಾಯಿತು. ಉಂಡೆಗಳು ಮೆಲ್ಲಗೆ ತಳಕ್ಕೆ ಇಳಿಯುತ್ತಿರುವುದು, ಗಾಳಿ ಬೇಡದ ಬೇರೆ ಕ್ರಿಮಿಗಳು ಕೈ ತಿಕ್ಕುತ್ತ ಎದ್ದು ಕೂರುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಎರಡು ಪುಟ ಬರೆದು ಚಿತ್ರ ಬಿಡಿಸಿದ್ದೆ.

ಎದ್ದು ಹೋಗಬಹುದಿತ್ತು. ಕಾಕಾನಿಗೆ ಹೇಳಿದ್ದರೆ ಬಿಟ್ಟು ಬರುತ್ತಿದ್ದರು. ನಾನು ಮೂರನೇ ಹೋಳಿಗೆಗೆ ಬಟ್ಟಲು ಮುಂದೆ ಮಾಡಿದೆ. ಊಟವಾದ ಮೇಲೆ ತಲೆದಿಂಬು ಕೊಟ್ಟರು, ಅಡ್ಡಾದೆ. ಸಂಜೆ ಚಹಾ ಬಂತು. ನನ್ನ ಜೋಕುಗಳಿಗೆ ಇಲ್ಲಿ ಗುಳ್ಳೆಗಳಲ್ಲ, ಮನುಷ್ಯರು ನಗುತ್ತಿದ್ದರು. ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದುದನ್ನು ನೋಡಿ ನಾನು ಇನ್ನೂ ಹೆಚ್ಚು ಕೋತಿಯಾದೆ. ಕತ್ತಲಾಯಿತು, ಇಲ್ಲೇ ಇರು ಎಂದರು. ಇದ್ದುಬಿಟ್ಟೆ. ಜೊತೆಗಾರನೊಬ್ಬ ಬರಲಿ ಎಂದು ಯಾವ ಟಾಕಿಯನ್ನು ಕಾಯುತ್ತಿದ್ದೆನೋ ಅದನ್ನು ಒಂದು ದಿನದ ಜೊತೆಗಾಗಿ ಬಿಟ್ಟುಕೊಟ್ಟಿದ್ದೆ. ಇಂಥ ವ್ಯಾಪಾರ ಬೈಲಹೊಂಗಲದ ಪೇಟೆ ಹುಟ್ಟಿದಾಗಿನಿಂದ ಯಾರೂ ಮಾಡಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವ ಮೊದಲೇ ಗೊತ್ತಾಯಿತು. ಕರಿ ನೀರಿನ ವಾಸನೆ ನನಗೆ ತಾಯಿನುಡಿ ಇದ್ದಂತೆ, ಇದು ಬೇರೆ. ಕೊಳೆತ ಮೊಟ್ಟೆಯ ನಾತ. ಟಾಕಿಯ ಮೇಲೆ ಬೂದು ಬಣ್ಣದ ನೊರೆ ಕಟ್ಟಿತ್ತು. ಕೋಲಿನಿಂದ ತಿರುವಿದರೆ ತಳದಿಂದ ಕಂದು ಲೋಳೆ ಎದ್ದು ಬಂತು. ಬಿಳಿ ಉಂಡೆ ಒಂದೂ ಇರಲಿಲ್ಲ. ಬ್ಲೋವರ್ ಚಾಲೂ ಮಾಡಿದೆ. ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು ಅದು ಸತ್ತವರ ಬಾಯಿಗೆ ಗಾಳಿ ಊದಿತು. ಬೆಲ್ಲದ ನೀರು ಸುರಿದೆ. ಪೇಪರ್ ಓದಿದೆ. ನಗಬೇಡಿ, ಓದಿದೆ. ಗುಳುಗುಳು ಸದ್ದು ಮೊದಲಿನಂತೆಯೇ ಬರುತ್ತಿತ್ತು. ಇಷ್ಟು ದಿನ ನಕ್ಕಿದ್ದು ಬರೀ ಗಾಳಿ ಎಂದು ನಾನು ಒಪ್ಪಿಕೊಂಡದ್ದು ಆಗ.

ಅಂದು ಸಂಜೆ ಬನ್ನಿ. ಎಲ್ಲರೂ ಮನೆಮನೆಗೆ ಹೋಗಿ ಬನ್ನಿಯ ಎಲೆ ಕೊಟ್ಟು ಹಿರಿಯರಿಗೆ ನಮಸ್ಕಾರ ಮಾಡುವ ಹೊತ್ತು. ನಾನು ಶೆಡ್ಡಿನ ಹೊರಗೆ ಬಕೆಟ್ ಬೋರಲು ಹಾಕಿ ಕುಳಿತಿದ್ದೆ. ಕಾಕಾ ಹೊಸ ಟೊಪ್ಪಿಗೆ ಹಾಕಿಕೊಂಡು, ಅಷ್ಟು ದೂರದಿಂದ, ನನಗೊಬ್ಬನಿಗೆ ಬನ್ನಿ ಕೊಡಲು ಬಂದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣಪಾ" ಎಂದು ಎಲೆ ಕೈಗಿಟ್ಟವರು ಮೂಗು ಎಳೆದರು. "ಏನೋ ಇದು? ದಿನದ ವಾಸನಿ ಅಲ್ಲಲಾ ಇದು."

"ಸತ್ತಾವ ಕಾಕಾ."

"ಏನ ಸತ್ತಾವ?"

ಹೇಳಿದೆ. ಮೊದಲ ಸಲ ನೆಟ್ಟಗೆ, ಜೋಕಿಲ್ಲದೆ, ಬೂಷ್ಟು ಏನು, ಗಾಳಿ ಯಾಕೆ, ಎಲ್ಲ ಹೇಳಿದೆ. ಅವರ ಮುಖ ಇಳಿಯುತ್ತ ಹೋಯಿತು.

"ನಿನ್ನೆ ನೀ ಖರೇನ ಹೇಳಿದ್ದೇನು?"

"ಖರೇನ ಹೇಳಿದ್ನಿ ಕಾಕಾ. ನಗಕೋತ ಹೇಳಿದ್ನಿ."

"ಖಂಡೇ ಪೂಜಿ ದಿನ ನನ್ನ ಕೈಲೆ ಜೀವಾ ತಗಸಿದೆಲ್ಲೋ ತಮ್ಮಾ."

ಇಷ್ಟೇ ಅಂದರು. ಬ್ಲೋವರಿನ ಕೊರಳಿಂದ ಹಾರ ತೆಗೆದು, ಮಡಚಿ, ಬುಟ್ಟಿಗೆ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಬೈಗುಳಕ್ಕೆ ತಿರುಗಿ ಏನಾದರೂ ತಮಾಷೆ ಮಾಡಬಹುದು.

ಮೇಡಂ ಮರುದಿನ ಬೆಳಗಾವಿಯಿಂದ ಬಂದರು. ಟಾಕಿಯ ಬಾಯಿಗೆ ಬಗ್ಗಿ ನೋಡಿದರು, ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು, ಕಣ್ಣು ಎತ್ತದೆ ಕೇಳಿದರು: "ಬಾಟಲಿ ಎತ್ತಿಟ್ಟೀರೇನು?"

"ಇಲ್ರಿ" ಎಂದೆ. ಅವರಿಗೆ ನನ್ನ ಹಳೆಯ ಜೋಕು ನೆನಪಾಗಿರಬೇಕು, ಈ ಸಲ ನಗಲಿಲ್ಲ.

"ನನ್ನ ಫ್ರಿಜ್ಜಿನ್ಯಾಗ ಇರೋದು ಬರೇ ಬೆಲ್ಲದ ನೀರು ಕುಡಿಯೋ ಬೂಷ್ಟು. ಅಲ್ಲಿಂದ ಮತ್ತ ಶುರು ಮಾಡ್ಬೇಕು. ಕಾರ್ಖಾನೆಯವರಿಗೆ ಈಗ ಬರಬ್ಯಾಡ್ರಿ ಅಂತ ಹೇಳ್ತೇನಿ. ಇನ್ನೊಬ್ಬರನ್ನ ಕಳಸೋ ಮಾತು..." ಎಂದು ಅಲ್ಲಿಗೆ ನಿಲ್ಲಿಸಿದರು. ಕೆಲಸದಿಂದ ತೆಗೆಯಲಿಲ್ಲ. ಆ ಶೆಡ್ಡಿನಲ್ಲಿ ಒಬ್ಬನೇ ಕೂರಲು ಒಪ್ಪುವ ಇನ್ನೊಬ್ಬ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಹೀಗೆ ನಾನು ಬೆಲ್ಲದ ನೀರಿಗೆ ಮರಳಿದೆ. ಮೂಗು, ಮೀಸೆ ಕೊಟ್ಟು ಸಿದ್ಧ ಮಾಡಿಟ್ಟಿದ್ದ ಜೊತೆಗಾರ ಹುಟ್ಟುವ ಮೊದಲೇ ಹೋದ. ಕಾಕಾ ನನ್ನ ಕಡೆ ಬರುವುದನ್ನು ಬಿಟ್ಟರು. ಬ್ಲೋವರಿಗೆ ಎಣ್ಣೆ ಬಿಡಲು ಬೇರೆಯವರನ್ನು ಕಳಿಸುತ್ತಿದ್ದರು. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು, ಮಾತಿಲ್ಲದೆ ಎಣ್ಣೆ ಬಿಟ್ಟು, ಓಡುತ್ತಿದ್ದರು. ದೂರದಲ್ಲಿ ಕಾಕಾ ಕಂಡರೆ ನಾನು ಕೈ ಎತ್ತುತ್ತಿದ್ದೆ. ಅವರು ಬೇರೆ ದಾರಿ ಹಿಡಿಯುತ್ತಿದ್ದರು. ಟಾಕಿಯ ಜೊತೆ ಮಾತಾಡುವುದನ್ನೂ ಬಿಟ್ಟೆ. ದಿನಕ್ಕೆ ನನ್ನ ಬಾಯಿಂದ ಬರುತ್ತಿದ್ದುದು "ಒಂದ ಟಿಕೇಟ್", "ಎರಡ ರೊಟ್ಟಿ" ಅಷ್ಟೇ. ನನ್ನಂಥ ವಾಚಾಳಿಗೆ ಅದು ಉಪವಾಸ.

ಕಬ್ಬಿನ ಗಾಡಿಗಳು ರಸ್ತೆ ತುಂಬ ಓಡಾಡತೊಡಗಿದ ಕಾಲಕ್ಕೆ, ಒಂದು ರವಿವಾರ, ಬ್ಲೋವರನ್ನು ಎರಡೆರಡು ಸಲ ಮುಟ್ಟಿ ನೋಡಿ, ಕಾರ್ಖಾನೆಯ ವಾಚ್‌ಮನ್‌ನನ್ನು ಶೆಡ್ಡಿನಲ್ಲಿ ಕೂರಿಸಿ, ಬಸ್ಸು ಹತ್ತಿ ಚಚಡಿಗೆ ಹೋದೆ. ಕಾಕಾ ಹೊಲಕ್ಕೆ ಹೋಗಿದ್ದರು. ಚಿಗವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ನನ್ನನ್ನು ನೋಡಿ, "ಬಾ, ಕುಂದರು" ಎಂದರು, ಕೈ ನಿಲ್ಲಿಸಲಿಲ್ಲ.

ನಾನು ಅಭ್ಯಾಸಬಲದಿಂದ, ಚಿಗವ್ವ, ನಿಮ್ಮ ಹೋಳಿಗೆ ಎಂಥ ಜೋರು ಅಂದರೆ ಟಾಕಿಗೆ ಟಾಕಿಯೇ ಸತ್ತಿತು ಎಂದು ಶುರು ಮಾಡಿದೆ. ಅವರು ನಗಲಿಲ್ಲ.

"ನಿಮ್ಮ ಕಾಕಾ ಅವತ್ತಿಂದ ನೆಟ್ಟಗ ಉಂಡಿಲ್ಲ. ಬೀಜದ ಹುಳಾ ಆರಿಸಿ ಹೊರಗ ಬಿಡಾಂವ ಅಂವ" ಎಂದರು.

ಆಗ ಹೇಳಿದೆ. "ತಪ್ಪು ಕಾಕಾಂದಲ್ಲ ಚಿಗವ್ವ. ನೀವು ತುಪ್ಪಾ ಬಿಡಾಕ ಹತ್ತಿದ್ರಿ ನೋಡ್ರಿ, ಆವಾಗ ನನಗ ನೆನಪಾಗಿತ್ತು. ನಡುವ ಎದ್ದ ಹೋದ್ರ ಮತ್ತ ಕರಿಯಂಗಿಲ್ಲ ಅಂತ ಕುಂತ್ನಿ. ಕಾಕಾಗ ಇದನ್ನ ಹೇಳಾಕ ಬಂದೇನಿ."

ಚಿಗವ್ವನ ಕೈ ಮೊರದಲ್ಲೇ ನಿಂತಿತು. ಬೈಯುತ್ತಾರೆ ಅಂದುಕೊಂಡು ನಾನು ಒಂದು ತಮಾಷೆಯನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ.

"ಹಗಲೆಲ್ಲಾ ಅಷ್ಟ ಹರಟಿ ಹೊಡಿತಿ" ಎಂದರು. "ನಾ ಇದನ್ನ ಬಿಟ್ಟ ಬರಾಕಾಗಂಗಿಲ್ಲ, ನೀವ ಬರ್ರಿ ಅನ್ನೂದೊಂದ ಬರಲಿಲ್ಲೇನೋ ನಿನ್ನ ಬಾಯಾಗ? ಬುತ್ತಿ ಕಟಗೊಂಡ ನಾವ ಬರ್ತಿದ್ವಿ. ನಿನ್ನ ಟಾಕಿ ಮುಂದ ಕುಂತ ಉಣ್ತಿದ್ವಿ."